ಎಂಜಿನ್ ಸಿಕ್ಕಿತು, ನೀರು ಒಪ್ಪಬೇಕಲ್ಲ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಬ್ಲೋವರಿಂಗ್ ಜಲಾಶಯದಲ್ಲಿ 1978ರ ಅಕ್ಟೋಬರ್ 8ರಂದು ಕೆನ್ ವಾರ್ಬಿ ತಮ್ಮ ಜೆಟ್ ದೋಣಿಯನ್ನು ಗಂಟೆಗೆ 511 ಕಿ.ಮೀ. ವೇಗದಲ್ಲಿ ಓಡಿಸಿದರು. ನೀರಿನ ಮೇಲಿನ ಆ ವಿಶ್ವದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. ಈ ನಡುವೆ ನೆಲದ ಮೇಲೆ ಓಡುವ ಜೆಟ್ ಕಾರು 1997ರಲ್ಲೇ ಶಬ್ದದ ವೇಗವನ್ನು ದಾಟಿತು. ವಾರ್ಬಿ ಬಳಸಿದ್ದು ಆ ಕಾಲಕ್ಕೇ ಹಳೆಯದಾಗಿದ್ದ ವೆಸ್ಟಿಂಗ್‌ಹೌಸ್ ಜೆ34 ಎಂಜಿನ್. ಅದರ ನೂಕುಬಲ ಸುಮಾರು 3,400 ಪೌಂಡ್. ಇವತ್ತು ಅದಕ್ಕಿಂತ ಹಲವು ಪಟ್ಟು ಬಲದ ಎಂಜಿನ್‌ಗಳಿವೆ, ದುಡ್ಡಿದ್ದವರಿಗೆ ಸಿಗುತ್ತವೆ ಕೂಡ. ಆದರೂ ದಾಖಲೆ ಕದಲಿಲ್ಲ.

ಟರ್ಬೈನ್ ಎಂಜಿನ್ ಕೂರಿಸಿದ ವೇಗದ ದೋಣಿಗಳ ಕಥೆಯನ್ನು ಇಡಿಯಾಗಿ ನೋಡಿದರೆ ನನಗೆ ಕಾಣುವುದು ಇಷ್ಟು: ಎರಡನೇ ಮಹಾಯುದ್ಧ ಮುಗಿದ ಮೇಲೆ ಬಲಕ್ಕೆ ಕೊರತೆ ಬಂದದ್ದೇ ಇಲ್ಲ. ಆ ಬಲವನ್ನು ನೀರಿಗೆ ದಾಟಿಸುವುದು ಹೇಗೆ, ದಾಟಿಸಿದ ಮೇಲೆ ದೋಣಿ ಗಾಳಿಗೆ ಏಳದಂತೆ ಹಿಡಿದಿಡುವುದು ಹೇಗೆ ಎಂಬುದರಲ್ಲೇ ಕಷ್ಟವೆಲ್ಲ ಇದೆ. ಇದನ್ನು ಅರಿತವರು ಮನೆಯ ಹಿತ್ತಲಿನಲ್ಲಿ ಕೂತು ಗೆದ್ದರು. ಎಂಜಿನ್ನನ್ನೇ ನಂಬಿದವರಲ್ಲಿ ಹಲವರು ಜೀವ ಕಳೆದುಕೊಂಡರು.

ನೀರಿನ ಮೇಲೆ ಟರ್ಬೈನ್‌ನ ಮೊದಲ ಪಾಠವೂ ಇದೇ ಆಗಿತ್ತು. ಉಗಿ ಟರ್ಬೈನ್ ಕಂಡುಹಿಡಿದ ಚಾರ್ಲ್ಸ್ ಪಾರ್ಸನ್ಸ್ ಅದರ ಸಾಮರ್ಥ್ಯ ತೋರಿಸಲು 1894ರಲ್ಲಿ ‘ಟರ್ಬಿನಿಯಾ’ ಎಂಬ ನೂರು ಅಡಿಗೂ ಮಿಕ್ಕಿದ ಕಿರಿದಾದ ಹಡಗನ್ನು ನೀರಿಗಿಳಿಸಿದರು. ಅದು ಲೆಕ್ಕ ಹಾಕಿದಷ್ಟು ಓಡಲೇ ಇಲ್ಲ. ಟರ್ಬೈನ್‌ನಲ್ಲಿ ದೋಷವಿರಲಿಲ್ಲ. ಒಂದೇ ಪ್ರೊಪೆಲರ್ ವಿಪರೀತ ವೇಗವಾಗಿ ತಿರುಗುತ್ತಿದ್ದರಿಂದ ಅಲಗುಗಳ ಬೆನ್ನಿನಲ್ಲಿ ಒತ್ತಡ ಕುಸಿದು, ನೀರು ಅಲ್ಲೇ ಆವಿಯ ಗುಳ್ಳೆಗಳಾಗುತ್ತಿತ್ತು. ಅಲಗಿಗೆ ನೂಕಲು ಗಟ್ಟಿ ನೀರೇ ಸಿಗುತ್ತಿರಲಿಲ್ಲ. ಪಾರ್ಸನ್ಸ್ ಒಂದು ಸಣ್ಣ ತೊಟ್ಟಿ ಕಟ್ಟಿ, ಅದರೊಳಗೆ ಪುಟ್ಟ ಪ್ರೊಪೆಲರ್ ತಿರುಗಿಸಿ ಈ ಗುಳ್ಳೆಗಳನ್ನು ಕಣ್ಣಾರೆ ನೋಡಿದರು. ಆಮೇಲೆ ಮೂರು ಶಾಫ್ಟ್, ಒಂದೊಂದಕ್ಕೂ ಮೂರು, ಒಟ್ಟು ಒಂಬತ್ತು ಪ್ರೊಪೆಲರ್ ಹಾಕಿದರು. 1897ರ ಜೂನ್‌ನಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ನೌಕಾ ಪ್ರದರ್ಶನದಲ್ಲಿ ಟರ್ಬಿನಿಯಾ ಸಾಲುಗಟ್ಟಿ ನಿಂತ ಯುದ್ಧನೌಕೆಗಳ ನಡುವೆ 34 ನಾಟ್ ವೇಗದಲ್ಲಿ ನುಗ್ಗಿ ಹೋಯಿತು. ಅಟ್ಟಿಸಿಕೊಂಡು ಬಂದ ಕಾವಲು ದೋಣಿಗಳಿಗೆ ಅದನ್ನು ಹಿಡಿಯಲಾಗಲಿಲ್ಲ.

ಇನ್ನು ಗ್ಯಾಸ್ ಟರ್ಬೈನ್. ದೋಣಿಯಲ್ಲಿ ಇದನ್ನು ಬಳಸುವ ದಾರಿ ಎರಡು. ಒಂದು, ವಿಮಾನದಲ್ಲಿರುವಂತೆಯೇ ಬಿಸಿ ಅನಿಲವನ್ನು ಹಿಂದಕ್ಕೆ ಚಿಮ್ಮಿಸಿ ಮುಂದಕ್ಕೆ ನೂಕಿಸಿಕೊಳ್ಳುವುದು. ಇಲ್ಲಿ ಗೇರ್ ಇಲ್ಲ, ಶಾಫ್ಟ್ ಇಲ್ಲ, ನೀರೊಳಗೆ ಪ್ರೊಪೆಲರ್ ಇಲ್ಲ. ಇನ್ನೊಂದು ಹೆಲಿಕಾಪ್ಟರ್ ಎಂಜಿನ್ನಿನ ದಾರಿ. ಅನಿಲದ ಬಲವನ್ನು ಇನ್ನೊಂದು ಟರ್ಬೈನ್ ಚಕ್ರದಿಂದ ಹಿಡಿದು, ಶಾಫ್ಟ್ ತಿರುಗಿಸಿ, ಅದರಿಂದ ಪ್ರೊಪೆಲರನ್ನೋ ನೀರು ಚಿಮ್ಮಿಸುವ ಪಂಪನ್ನೋ ನಡೆಸುವುದು. ಮೊದಲನೆಯದು ನೇರ ಓಟದ ದಾಖಲೆಗೆ, ಎರಡನೆಯದು ರೇಸಿಗೆ ಮತ್ತು ಹವ್ಯಾಸಿಗಳಿಗೆ. ಎರಡರ ಅಪಾಯಗಳೂ ಬೇರೆ ಬೇರೆ.

ಮೊದಲ ದಾರಿಯನ್ನು ತುಳಿದವರು ಬ್ರಿಟಿಷರು. ಮಾಲ್ಕಂ ಕ್ಯಾಂಪ್‌ಬೆಲ್ ತಮ್ಮ ಹಳೆಯ ‘ಬ್ಲೂ ಬರ್ಡ್ ಕೆ4’ ದೋಣಿಗೆ 1947ರಲ್ಲಿ ಗಾಬ್ಲಿನ್ ಜೆಟ್ ಎಂಜಿನ್ ಹಾಕಿಸಿ ನೋಡಿದರು. ದೋಣಿ ಹತೋಟಿಗೆ ಬರಲಿಲ್ಲ. ಜಾನ್ ಕಾಬ್ 1952ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ‘ಕ್ರುಸೇಡರ್’ ಜೆಟ್ ದೋಣಿ ಓಡಿಸಿದರು. ಒಂದು ದಿಕ್ಕಿನ ಓಟ ಗಂಟೆಗೆ ಸುಮಾರು 207 ಮೈಲಿ ಮುಟ್ಟಿತು, ಅಂದರೆ ಸುಮಾರು 333 ಕಿ.ಮೀ. ಅದೇ ಓಟದಲ್ಲಿ ಅಲೆಗಳ ಹೊಡೆತಕ್ಕೆ ದೋಣಿ ಚೂರುಚೂರಾಯಿತು, ಕಾಬ್ ತೀರಿಕೊಂಡರು. ನಿಯಮದ ಪ್ರಕಾರ ಒಂದು ಗಂಟೆಯೊಳಗೆ ಎರಡೂ ದಿಕ್ಕಿನಲ್ಲಿ ಓಡಿ ಸರಾಸರಿ ತೆಗೆಯಬೇಕು. ಹಾಗಾಗಿ ಆ ವೇಗ ದಾಖಲೆಯ ಪುಸ್ತಕ ಸೇರಲಿಲ್ಲ.

ಮಾಲ್ಕಂ ಅವರ ಮಗ ಡೊನಾಲ್ಡ್ ಕ್ಯಾಂಪ್‌ಬೆಲ್ ಈ ದಾರಿಯನ್ನು ಹದಕ್ಕೆ ತಂದರು. ಕೆನ್ ಮತ್ತು ಲೂ ನಾರಿಸ್ ಸಹೋದರರು ವಿನ್ಯಾಸ ಮಾಡಿದ ‘ಬ್ಲೂಬರ್ಡ್ ಕೆ7’ 1955ರಲ್ಲಿ 325 ಕಿ.ಮೀ. ದಾಟಿತು. 1964ರ ಡಿಸೆಂಬರ್ 31ರಂದು ಪಶ್ಚಿಮ ಆಸ್ಟ್ರೇಲಿಯಾದ ಡಂಬಲ್‌ಯಂಗ್ ಸರೋವರದಲ್ಲಿ ಅದೇ ದೋಣಿ 444 ಕಿ.ಮೀ. ಮುಟ್ಟಿತು. ಇನ್ನೂ ಬಲ ಬೇಕೆನಿಸಿ ಕ್ಯಾಂಪ್‌ಬೆಲ್ ಹಳೆಯ ಬೆರಿಲ್ ಎಂಜಿನ್ ತೆಗೆದು, ನ್ಯಾಟ್ ಯುದ್ಧವಿಮಾನದ ಆರ್ಫಿಯಸ್ ಎಂಜಿನ್ ಕೂರಿಸಿದರು. ಅದು ಹಳೆಯದಕ್ಕಿಂತ ಹಗುರ, ಬಲವೂ ಹೆಚ್ಚು.

ಆರ್ಫಿಯಸ್ ಹೆಸರು ಕೇಳಿದರೆ ಬೆಂಗಳೂರಿನ ಹಳೆಯ ಎಚ್‌ಎಎಲ್ ನೌಕರರ ಕಿವಿ ನೆಟ್ಟಗಾಗುತ್ತದೆ. 1950ರ ದಶಕದ ಕೊನೆಯಲ್ಲಿ ಎಚ್‌ಎಎಲ್ ಬೆಂಗಳೂರಿನಲ್ಲಿ ಎಂಜಿನ್ ವಿಭಾಗ ತೆರೆದದ್ದೇ ಪರವಾನಗಿ ಪಡೆದು ಆರ್ಫಿಯಸ್ ತಯಾರಿಸಲು. ಬೆಂಗಳೂರಿನಲ್ಲೇ ಕಟ್ಟಿದ ನ್ಯಾಟ್ ವಿಮಾನಗಳಿಗೆ ಒಂದೊಂದು, ಕುರ್ಟ್ ಟ್ಯಾಂಕ್ ರೂಪಿಸಿದ ಎಚ್‌ಎಫ್-24 ಮಾರುತ್ ವಿಮಾನಕ್ಕೆ ಎರಡೆರಡು ಆರ್ಫಿಯಸ್ ಬೇಕಿತ್ತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಂತಿರುವ ಮಾರುತ್‌ನ ಹಿಂಭಾಗದ ಎರಡು ತೂತುಗಳನ್ನು ನೋಡಿದವರಿಗೆ ಅಳತೆಯ ಅಂದಾಜು ಸಿಗುತ್ತದೆ. ಅಂಥದ್ದೊಂದು ಎಂಜಿನ್ ಮನುಷ್ಯನೊಬ್ಬನ ಬೆನ್ನ ಹಿಂದೆ, ನೀರಿನ ಮಟ್ಟಕ್ಕಿಂತ ಗೇಣು ಮೇಲೆ ಕೂತಿತ್ತು ಎಂದುಕೊಂಡರೆ ಕೆ7ರ ಚಿತ್ರ ಕಣ್ಣಿಗೆ ಕಟ್ಟುತ್ತದೆ.

1967ರ ಜನವರಿ 4ರ ಬೆಳಿಗ್ಗೆ ಇಂಗ್ಲೆಂಡಿನ ಕಾನಿಸ್ಟನ್ ವಾಟರ್‌ನಲ್ಲಿ ಕ್ಯಾಂಪ್‌ಬೆಲ್ ಮೊದಲ ಓಟವನ್ನು ಗಂಟೆಗೆ 479 ಕಿ.ಮೀ. ಸರಾಸರಿಯಲ್ಲಿ ಮುಗಿಸಿದರು. ಇಂಧನ ತುಂಬಿಸಿಕೊಳ್ಳಲು ನಿಲ್ಲದೆ ಬೇಗನೆ ತಿರುಗಿದರು. ಮರಳುವ ಓಟದಲ್ಲಿ 500 ಕಿ.ಮೀ. ದಾಟಿದ ದೋಣಿಯ ಮೂತಿ ಕುಣಿಯತೊಡಗಿತು, ಮೇಲಕ್ಕೆದ್ದಿತು, ಹಿಂದಕ್ಕೆ ಲಾಗ ಹೊಡೆದು ನೀರಿಗೆ ಅಪ್ಪಳಿಸಿತು. ಮುಳುಗಿದ ದೋಣಿಯನ್ನು ಮೇಲೆತ್ತಿದ್ದು 2001ರ ಮಾರ್ಚ್‌ನಲ್ಲಿ. ಅದೇ ವರ್ಷ ಅವರ ದೇಹವೂ ಸಿಕ್ಕಿತು, ಕಾನಿಸ್ಟನ್ ಊರಲ್ಲೇ ಮಣ್ಣಾಯಿತು. ಎಂಜಿನ್ ಕೊನೇ ಗಳಿಗೆಯಲ್ಲಿ ಬಲ ಕಳೆದುಕೊಂಡಿತೇ, ಮೊದಲ ಓಟದ ಅಲೆಗಳು ಕಾರಣವೇ ಎಂಬ ಚರ್ಚೆ ಇನ್ನೂ ನಡೆಯುತ್ತಲೇ ಇದೆ.

ಚರ್ಚೆ ಏನೇ ಇರಲಿ, ಮೂಲ ಕಾರಣ ಗಣಿತದಲ್ಲಿದೆ. ಹೈಡ್ರೋಪ್ಲೇನ್ ಮಾದರಿಯ ದೋಣಿ ವೇಗ ಹಿಡಿದಾಗ ನೀರಿನಲ್ಲಿ ತೇಲುವುದಿಲ್ಲ. ಮುಂದೆ ಎರಡೂ ಬದಿಗೆ ಚಾಚಿದ ಸ್ಪಾನ್ಸನ್‌ಗಳ ತುದಿ, ಹಿಂದೆ ಒಂದು ಬಿಂದು, ಹೀಗೆ ಮೂರೇ ಕಡೆ ನೀರನ್ನು ಸವರಿಕೊಂಡು ಹೋಗುತ್ತದೆ. ಮಿಕ್ಕ ಮೈಯೆಲ್ಲ ಗಾಳಿಯಲ್ಲಿ. ಮೈಯಡಿ ನುಗ್ಗುವ ಗಾಳಿಯ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 300 ಕಿ.ಮೀ.ನಿಂದ 500ಕ್ಕೆ ಹೋದರೆ ಅದು ಸುಮಾರು ಎರಡೂಮುಕ್ಕಾಲು ಪಟ್ಟು. ದೋಣಿಯ ತೂಕ ಮಾತ್ರ ಇದ್ದಷ್ಟೇ. ಆ ವೇಗದಲ್ಲಿ ಮೂತಿ ಕೆಲವೇ ಡಿಗ್ರಿ ಮೇಲೆದ್ದರೂ ಸಾಕು, ಗಾಳಿ ಅಡಿಗೆ ಇನ್ನಷ್ಟು ನುಗ್ಗಿ ಮತ್ತಷ್ಟು ಎತ್ತುತ್ತದೆ, ಅಲ್ಲಿಂದ ವಾಪಸಾಗುವ ದಾರಿಯಿಲ್ಲ. ಹಾಗೆಂದು ಮೂತಿಯನ್ನು ತಗ್ಗಿಸಿಟ್ಟರೆ ಅದು ಗಾಳಿಗಿಂತ ಎಂಟುನೂರು ಪಟ್ಟು ಸಾಂದ್ರವಾದ ನೀರಿಗೆ ಕಚ್ಚಿಕೊಳ್ಳುತ್ತದೆ. ಇವೆರಡರ ನಡುವಿನ ಸಂದು ವೇಗ ಏರಿದಂತೆಲ್ಲ ಕಿರಿದಾಗುತ್ತದೆ. 500 ಕಿ.ಮೀ. ಎಂದರೆ ಒಂದು ಕಿಲೋಮೀಟರಿಗೆ ಏಳು ಸೆಕೆಂಡು. ಚಾಲಕನಿಗೆ ತಪ್ಪು ಗೊತ್ತಾಗುವಷ್ಟರಲ್ಲಿ ದೋಣಿ ಮಗುಚಿರುತ್ತದೆ. ಸುರಕ್ಷತೆಯನ್ನು ಕಟ್ಟುವಾಗಲೇ ಕಟ್ಟಬೇಕು, ಓಡಿಸುವಾಗ ತರಲಾಗದು.

ಕೆನ್ ವಾರ್ಬಿಯ ಹಿರಿಮೆಯನ್ನು ಅಳೆಯಬೇಕಾದ್ದು ಇಲ್ಲಿ. ಆಸ್ಟ್ರೇಲಿಯಾ ವಾಯುಪಡೆಯ ಹಳೆಯ ಸಾಮಾನಿನ ಹರಾಜಿನಲ್ಲಿ ಮೂರು ಜೆ34 ಎಂಜಿನ್‌ಗಳನ್ನು ಕೊಂಡರು. ಮೂರಕ್ಕೂ ಸೇರಿ 300 ಡಾಲರೂ ಆಗಲಿಲ್ಲ. ಸಿಡ್ನಿಯ ಕಾನ್‌ಕಾರ್ಡ್ ಬಡಾವಣೆಯ ತಮ್ಮ ಮನೆಯ ಹಿತ್ತಲಲ್ಲಿ, ಮೇಲೆ ಸೂರಿಲ್ಲದ ಜಾಗದಲ್ಲಿ ದೋಣಿ ಕಟ್ಟಿದರು. ಮಳೆ ಬಂದರೆ ಟಾರ್ಪಾಲು ಹೊದಿಸಿ ಕೆಲಸ ನಿಲ್ಲಿಸುವುದು, ಬಿಟ್ಟರೆ ಮತ್ತೆ ಶುರು. ಮರದ ಚೌಕಟ್ಟು, ಮೆರೈನ್ ಪ್ಲೈವುಡ್, ಮೇಲೆ ಫೈಬರ್‌ಗ್ಲಾಸ್, ಉದ್ದ 27 ಅಡಿ. ಉಪಕರಣ ಮಾರುವ ನೌಕರಿ ಅವರದು. ದುಡ್ಡು ಸಾಲದಾದಾಗ ತಾವೇ ಬಿಡಿಸಿದ ತೈಲಚಿತ್ರಗಳನ್ನು ಶಾಪಿಂಗ್ ಸೆಂಟರುಗಳಲ್ಲಿ ಮಾರಿದರು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ಟಾಮ್ ಫಿಂಕ್ ಗಾಳಿ ಸುರಂಗದ ಪರೀಕ್ಷೆಯಲ್ಲಿ ನೆರವಾದರು. ಫಿಂಕ್ ಹಿಂದೆ ಬ್ಲೂಬರ್ಡ್ ತಂಡದೊಂದಿಗೂ ಕೆಲಸ ಮಾಡಿದ್ದವರು, ದೋಣಿಯ ಮೂತಿ ಯಾಕೆ ಏಳುತ್ತದೆಂದು ಬಲ್ಲವರು. ಎಂಜಿನ್ ಹದ ಮಾಡಲು ವಾಯುಪಡೆಯ ವಾಗಾ ನೆಲೆಯ ತಂತ್ರಜ್ಞರು ಕೈಜೋಡಿಸಿದರು.

ವಾರ್ಬಿ ಒಮ್ಮೆಲೇ ದಾಖಲೆಗೆ ಹಾರಲಿಲ್ಲ. ವರ್ಷಗಟ್ಟಲೆ ಓಡಿಸಿ, ಬದಲಿಸಿ, ಮತ್ತೆ ಓಡಿಸಿ 1977ರ ನವೆಂಬರ್ 20ರಂದು 464 ಕಿ.ಮೀ.ಗೆ ಬಂದರು. ದಾಖಲೆ ಕೈಗೆ ಬಂತು. ಮತ್ತೆ ಸುಮಾರು ಒಂದು ವರ್ಷದ ಕೆಲಸದ ನಂತರವೇ 511. ತಾನೇ ವಿನ್ಯಾಸ ಮಾಡಿ, ತಾನೇ ಕಟ್ಟಿ, ತಾನೇ ಓಡಿಸಿ ಈ ದಾಖಲೆ ಮಾಡಿದವರು ಅವರೊಬ್ಬರೇ. ಆ ದೋಣಿ, ‘ಸ್ಪಿರಿಟ್ ಆಫ್ ಆಸ್ಟ್ರೇಲಿಯಾ’, ಈಗ ಸಿಡ್ನಿಯ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿದೆ. ವಾರ್ಬಿ 2023ರಲ್ಲಿ ತೀರಿಕೊಂಡರು, ಹಾಸಿಗೆ ಹಿಡಿಯುವ ವಯಸ್ಸಿನವರೆಗೂ ಬದುಕಿ. ಈ ಕ್ಷೇತ್ರದಲ್ಲಿ ಅದು ಸಣ್ಣ ಮಾತಲ್ಲ. 1967ರಲ್ಲಿ ಅಮೆರಿಕಕ್ಕೆ ದಾಖಲೆ ತಂದಿದ್ದ ಲೀ ಟೇಲರ್ ಅದನ್ನು ಮರಳಿ ಪಡೆಯಲು 1980ರಲ್ಲಿ ಟಾಹೋ ಸರೋವರದಲ್ಲಿ ರಾಕೆಟ್ ದೋಣಿ ಓಡಿಸಿ ಸತ್ತರು. 1989ರಲ್ಲಿ ಕ್ರೇಗ್ ಆರ್ಫನ್ಸ್ ಫ್ಲಾರಿಡಾದಲ್ಲಿ ಜೆಟ್ ದೋಣಿ ಓಡಿಸಿ ಸತ್ತರು. ಇಬ್ಬರ ದೋಣಿಗಳಿಗೂ ಬಲದ ಕೊರತೆ ಇರಲಿಲ್ಲ.

ಶಾಫ್ಟ್ ತಿರುಗಿಸುವ ದಾರಿಗೆ ಬಂದರೆ ಕಥೆಯ ನಡೆ ಬೇರೆ. ಅಮೆರಿಕದ ಅನ್‌ಲಿಮಿಟೆಡ್ ಹೈಡ್ರೋಪ್ಲೇನ್ ರೇಸುಗಳು ದಶಕಗಳ ಕಾಲ ಯುದ್ಧವಿಮಾನಗಳ ಆಲಿಸನ್ ಮತ್ತು ಮರ್ಲಿನ್ ಪಿಸ್ಟನ್ ಎಂಜಿನ್‌ಗಳ ಮೇಲೆ ನಡೆದವು. ಆ ಎಂಜಿನ್‌ಗಳ ಬಿಡಿಭಾಗ ಬತ್ತುತ್ತ ಬಂದಾಗ ಕಣ್ಣು ಬಿದ್ದದ್ದು ಚಿನೂಕ್ ಹೆಲಿಕಾಪ್ಟರಿನ ಲೈಕಮಿಂಗ್ ಟಿ55 ಮೇಲೆ. ತೂಕ 260 ಕಿಲೋ ಆಸುಪಾಸು, ಬಲ 2,500 ಅಶ್ವಶಕ್ತಿಗೂ ಮಿಕ್ಕು. ‘ಪೇ ಅಂಡ್ ಪ್ಯಾಕ್’ ತಂಡ 1980ರಲ್ಲಿ ಟರ್ಬೈನ್ ದೋಣಿ ತಂದಿತು, 1982ರಲ್ಲಿ ಮೊದಲ ಬಾರಿಗೆ ರೇಸ್ ಗೆದ್ದಿತು. ಆ ದಶಕ ಮುಗಿಯುವಷ್ಟರಲ್ಲಿ ಪಿಸ್ಟನ್ ಎಂಜಿನ್ ಹೆಚ್ಚೂಕಡಿಮೆ ಮರೆಯಾಗಿತ್ತು. 2004ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಬಳಿ ಡೇವ್ ವಿಲ್‌ವಾಕ್ ಟಿ55 ಹಾಕಿದ ‘ಮಿಸ್ ಬಡ್‌ವೈಸರ್’ ದೋಣಿಯನ್ನು ಗಂಟೆಗೆ 354 ಕಿ.ಮೀ. ಓಡಿಸಿ ಪ್ರೊಪೆಲರ್ ದೋಣಿಗಳ ವೇಗದ ಗಡಿಯನ್ನು ದೂರ ಸರಿಸಿದರು.

ಈ ರೇಸುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಎಂಜಿನ್ ಬದಲಾವಣೆಯಲ್ಲ. 1981ರಲ್ಲಿ ಬಿಲ್ ಮನ್ಸಿ, 1982ರಲ್ಲಿ ಡೀನ್ ಚೆನೊವೆತ್, ಆ ಆಟದ ಇಬ್ಬರು ಮಹಾರಥಿಗಳು ಪಿಸ್ಟನ್ ದೋಣಿಗಳಲ್ಲೇ ಹಿಂದಕ್ಕೆ ಮಗುಚಿ ಸತ್ತರು. ಆಗ ತೆರೆದ ಕುಳಿಯಲ್ಲಿ ಕೂತು ಓಡಿಸುವ ರೂಢಿಯಿತ್ತು. ಆಮೇಲೆ ಎಫ್-16 ಯುದ್ಧವಿಮಾನದ ಪಾರದರ್ಶಕ ಮುಚ್ಚಿಗೆ, ಚಾಲಕನನ್ನು ಕಟ್ಟಿಹಾಕುವ ಬೆಲ್ಟು, ಉಸಿರಿಗೆ ಗಾಳಿ, ದೋಣಿ ತಲೆಕೆಳಗಾಗಿ ನಿಂತರೆ ಹೊರಬರಲು ತಳದಲ್ಲೇ ಬಾಗಿಲು, ಎಲ್ಲ ಬಂದವು. ದೋಣಿಗಳು ಈಗಲೂ ಮಗುಚುತ್ತವೆ, ಹೆಚ್ಚಿನ ಸಲ ಚಾಲಕರು ನಡೆದುಕೊಂಡು ಹೊರಬರುತ್ತಾರೆ. ಜೊತೆಗೆ ನಿಮಿಷಕ್ಕೆ 4.3 ಗ್ಯಾಲನ್, ಸುಮಾರು 16 ಲೀಟರ್, ಎಂದು ಇಂಧನಕ್ಕೂ ಮಿತಿ ಹಾಕಿದರು. ಬಲವನ್ನು ಹಿಡಿತದಲ್ಲಿಟ್ಟ ಮೇಲೆಯೇ ಆಟ ಉಳಿದದ್ದು.

ಹವ್ಯಾಸಿಗಳು ಮೆಚ್ಚುವ ಆಲಿಸನ್ 250 ಎಂಜಿನ್ ಇವೆಲ್ಲಕ್ಕಿಂತ ಚಿಕ್ಕದು. ಸಿ20 ಮಾದರಿಯದು 70 ಕಿಲೋ ಚಿಲ್ಲರೆ, 400 ಅಶ್ವಶಕ್ತಿ. ಇಬ್ಬರು ಎತ್ತಿ ಇಡಬಹುದು. ಇಷ್ಟೇ ಬಲದ ಡೀಸೆಲ್ ಎಂಜಿನ್ ಎತ್ತಲು ಕ್ರೇನ್ ಬೇಕು. ಆಕರ್ಷಣೆ ಅಲ್ಲಿದೆ. ಆದರೆ ಅದರೊಳಗೆ ಬಿಸಿ ಅನಿಲ ಹುಟ್ಟಿಸುವ ಭಾಗ, ಅಂದರೆ ಗ್ಯಾಸ್ ಜನರೇಟರ್, ನಿಮಿಷಕ್ಕೆ 51,000 ಸುತ್ತು ತಿರುಗುತ್ತದೆ. ಎಂಜಿನ್ನಿನ ಗೇರ್ ಅದರಾಚೆಯ ಪವರ್ ಟರ್ಬೈನ್‌ನ ವೇಗವನ್ನು ಇಳಿಸಿ ಹೊರಗೆ 6,000 ಸುತ್ತು ಕೊಡುತ್ತದೆ. ಹಾರಾಟದ ಆಯುಷ್ಯ ಮುಗಿದ ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಅದರ ಲಾಗ್ ಬುಕ್ ಓದಬೇಕು. ಯಾವ ಚಕ್ರ ಎಷ್ಟು ಗಂಟೆ ತಿರುಗಿದೆ, ಎಷ್ಟು ಸಲ ಸ್ಟಾರ್ಟ್ ಆಗಿದೆ ಎಂಬುದು ಅಲ್ಲಿರುತ್ತದೆ. ದಾಖಲೆಯಿಲ್ಲದ ಎಂಜಿನ್ ಪ್ರದರ್ಶನಕ್ಕಿಡಲು ಮಾತ್ರ ಲಾಯಕ್ಕು.

ಸ್ಟಾರ್ಟ್ ಮಾಡುವುದೇ ಒಂದು ವಿದ್ಯೆ. ಸ್ಟಾರ್ಟರ್ ಒತ್ತಿದಾಗ ಸಣ್ಣ ಸಿಳ್ಳೆ ಏಳುತ್ತದೆ, ಮುಳ್ಳು ನಿಧಾನ ಏರುತ್ತದೆ. ಪೂರ್ಣ ವೇಗದ ಶೇ 12ರಿಂದ 15ರಷ್ಟು ಬಂದ ಮೇಲಷ್ಟೇ ಇಂಧನ ಬಿಡಬೇಕು. ‘ಬುಸ್’ ಎಂದು ಉರಿ ಹತ್ತಿದ ಕೂಡಲೇ ಕಣ್ಣೆಲ್ಲ ಉಷ್ಣತೆಯ ಮಾಪಕದ ಮೇಲೆ. ಅದು ಸರ್ರನೆ ಏರಿ, ಮಿತಿಯೊಳಗೆ ತಡೆದು, ಇಳಿಯಬೇಕು. ಇಳಿಯದಿದ್ದರೆ ಕ್ಷಣವೂ ತಡಮಾಡದೆ ಇಂಧನ ನಿಲ್ಲಿಸಬೇಕು. ಬ್ಯಾಟರಿ ಸೊರಗಿದ್ದರೆ ಚಕ್ರ ಸಾಕಷ್ಟು ಗಾಳಿ ಎಳೆಯುವುದಿಲ್ಲ, ಬೆಂಕಿ ಮಾತ್ರ ಜೋರು. ಕೆಲವೇ ಸೆಕೆಂಡುಗಳಲ್ಲಿ ಅಲಗುಗಳು ಸುಟ್ಟು ಎಂಜಿನ್ ಹಾಳು. ನಿಲ್ಲಿಸುವಾಗಲೂ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ತಣಿಸಬೇಕು.

ಅದಕ್ಕಿಂತ ದೊಡ್ಡ ಅಪಾಯ ದೋಣಿ ಓಡತೊಡಗಿದ ಮೇಲೆ. ಅಲೆಯ ಮೇಲೆ ದೋಣಿ ಹಾರಿ ಪ್ರೊಪೆಲರ್ ನೀರಿನಿಂದ ಹೊರಬಂದರೆ ಶಾಫ್ಟಿಗೆ ಭಾರವೇ ಇಲ್ಲ. ಪಿಸ್ಟನ್ ಎಂಜಿನ್ ಆಗಿದ್ದರೆ ಅರಚಿ ಸುಮ್ಮನಾಗುತ್ತಿತ್ತು. ಟರ್ಬೈನ್‌ನ ಸ್ವತಂತ್ರ ಪವರ್ ಚಕ್ರ ಮಾತ್ರ ಕ್ಷಣಾರ್ಧದಲ್ಲಿ ಮಿತಿ ಮೀರಿ ತಿರುಗಿ ಸಿಡಿಯಬಹುದು. ಸಿಡಿದ ಚೂರುಗಳು ಗುಂಡಿನಂತೆ ನುಗ್ಗುತ್ತವೆ. ಹೆಲಿಕಾಪ್ಟರಿನಲ್ಲಿ ರೆಕ್ಕೆಯ ಭಾರ ಎಂದೂ ಹೀಗೆ ಹಠಾತ್ತನೆ ಇಲ್ಲವಾಗುವುದಿಲ್ಲ, ದೋಣಿಯಲ್ಲಿ ಇದು ಪ್ರತಿ ಅಲೆಯ ಪಾಡು. ಹಾಗಾಗಿ ಇಂಧನ ಕಡಿಯುವ ಗವರ್ನರ್ ಸರಿಯಿಲ್ಲದೆ, ಚಕ್ರದ ಸುತ್ತ ಗಟ್ಟಿ ಕವಚವಿಲ್ಲದೆ ನೀರಿಗಿಳಿಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನೀರು ಚಿಮ್ಮಿಸುವ ಪಂಪ್ ಬಳಸಿದರೂ ಈ ಕಾಟ ತಪ್ಪದು. ಅದು ಗಾಳಿ ಕುಡಿದಾಗಲೂ ಭಾರ ಇಳಿಯುತ್ತದೆ.

ಪ್ರೊಪೆಲರ್ ಆಯ್ಕೆಯಲ್ಲಿ ಪಾರ್ಸನ್ಸ್ ಎದುರಿಸಿದ ಗುಳ್ಳೆಗಳ ಸಮಸ್ಯೆ ಮತ್ತೆ ಎದುರಾಗುತ್ತದೆ. ಅದಕ್ಕೆ ಈಗಿನ ಉತ್ತರ ಅರ್ಧ ನೀರಿನ ಮೇಲೆ, ಅರ್ಧ ಒಳಗೆ ತಿರುಗುವ ಪ್ರೊಪೆಲರ್. ಅಲಗಿನ ಬೆನ್ನಿಗೆ ಆವಿಯ ಬದಲು ಹೊರಗಿನ ಗಾಳಿಯೇ ತುಂಬಿಕೊಳ್ಳುವುದರಿಂದ ಲೋಹ ಸವೆಯುವುದಿಲ್ಲ, ನೀರೊಳಗಿನ ಎಳೆತವೂ ಕಡಿಮೆ. ಇಂಥ ಡ್ರೈವ್ ಒಂದನ್ನು ರೂಪಿಸಿ ಹೆಸರಾದವರು ಕ್ಯಾಲಿಫೋರ್ನಿಯಾದ ಹೊವರ್ಡ್ ಆರ್ನೆಸನ್. ಈಜುಕೊಳ ಗುಡಿಸುವ ಯಂತ್ರ ಮಾಡಿ ಹಣ ಗಳಿಸಿದ ಅವರು ಹೆಲಿಕಾಪ್ಟರ್ ಟರ್ಬೈನ್ ಕೂರಿಸಿದ ಜೋಡಿ ಒಡಲಿನ ದೋಣಿಯನ್ನು ಇಳಿವಯಸ್ಸಿನಲ್ಲೂ ತಾವೇ ಓಡಿಸುತ್ತಿದ್ದರು.

ಓಡಿಸುವವನ ಕಾಲಿಗೂ ಹೊಸ ಅಭ್ಯಾಸ ಬೇಕು. ಥ್ರಾಟಲ್ ಒತ್ತಿದ ತಕ್ಷಣ ಬಲ ಬರುವುದಿಲ್ಲ, ಚಕ್ರ ವೇಗ ಹಿಡಿಯಬೇಕು. ಬಿಟ್ಟ ತಕ್ಷಣ ಹೋಗುವುದೂ ಇಲ್ಲ. ಕಟ್ಟೆಗೆ ದೋಣಿ ತಂದು ನಿಲ್ಲಿಸುವಾಗ ಇದು ದೊಡ್ಡ ತೊಡಕು, ಐಡಲ್‌ನಲ್ಲೂ ಎಂಜಿನ್ ತಳ್ಳುತ್ತಲೇ ಇರುತ್ತದೆ. ಗಾಳಿ ಎಳೆಯುವ ಬಾಯಿ ಎತ್ತರದಲ್ಲಿರಬೇಕು, ತುಂತುರು ತಡೆಯುವ ಜಾಲರಿ ಬೇಕು. ಉಪ್ಪುನೀರಾದರೆ ಪ್ರತಿ ಓಟದ ನಂತರ ಕಂಪ್ರೆಸರನ್ನು ಸಿಹಿನೀರಿನಿಂದ ತೊಳೆಯಬೇಕು, ಇಲ್ಲವಾದರೆ ಅಲಗುಗಳಿಗೆ ಉಪ್ಪು ಕಟ್ಟಿ ಬಲ ಇಳಿಯುತ್ತದೆ. ಸೀಮೆಎಣ್ಣೆಯ ಖರ್ಚೋ, ಆಲಿಸನ್ ಪೂರ್ಣ ಬಲದಲ್ಲಿ ಗಂಟೆಗೆ ಸುಮಾರು 150 ಲೀಟರ್ ಕುಡಿಯುತ್ತದೆ. ಅಷ್ಟೇ ಕೆಲಸವನ್ನು ಡೀಸೆಲ್ ಎಂಜಿನ್ ಹೆಚ್ಚೂಕಡಿಮೆ ಅರ್ಧದಲ್ಲಿ ಮುಗಿಸುತ್ತದೆ. ನಿಧಾನ ಓಡಿದರೆ ಟರ್ಬೈನ್‌ನ ದುಂದು ಇನ್ನೂ ಹೆಚ್ಚು.

ಹೀಗಾಗಿ ವಿಹಾರಕ್ಕೆ, ಮೀನುಗಾರಿಕೆಗೆ, ಸವಾರಿ ಸಾಗಿಸುವ ಸಣ್ಣ ದೋಣಿಗೆ ಟರ್ಬೈನ್ ತಕ್ಕದ್ದಲ್ಲ. ಸದಾ ಪೂರ್ಣ ಬಲದಲ್ಲಿ ಓಡುವ ಕಡೆ ಅದರ ಜಾಗ. ಹಾಂಗ್‌ಕಾಂಗ್–ಮಕಾವ್ ನಡುವೆ ಓಡಿದ ಬೋಯಿಂಗ್ ಜೆಟ್‌ಫಾಯಿಲ್‌ಗಳು 40 ನಾಟ್‌ಗೂ ಹೆಚ್ಚು ವೇಗದಲ್ಲಿ ಪ್ರಯಾಣಿಕರನ್ನು ಸಾಗಿಸಿದ್ದು ಗ್ಯಾಸ್ ಟರ್ಬೈನ್ ಬಲದಿಂದಲೇ. ಯುದ್ಧನೌಕೆಗಳಲ್ಲಂತೂ ಅದು ನೆಲೆಯೂರಿದೆ. ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್‌ನ ನಾಲ್ಕು ಎಲ್‌ಎಂ2500 ಟರ್ಬೈನ್‌ಗಳು ಬಂದದ್ದು ಬೆಂಗಳೂರಿನ ಎಚ್‌ಎಎಲ್‌ನ ಕೈಗಾರಿಕಾ ಮತ್ತು ಸಾಗರ ಟರ್ಬೈನ್ ವಿಭಾಗದಿಂದ. ಸಮುದ್ರವೇ ಇಲ್ಲದ ಊರಿನಲ್ಲಿ ಹಡಗಿನ ಎಂಜಿನ್ ಜೋಡಿಸುವ ಕೈಗಳಿವೆ ಎಂಬುದನ್ನು ನಾವು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಟರ್ಬೈನ್ ಬಲ್ಲ ಇಷ್ಟು ಜನ ಒಂದೇ ಊರಲ್ಲಿರುವಾಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಮಾಡೆಲ್ ವಿಮಾನದ ಪುಟಾಣಿ ಜೆಟ್ ಎಂಜಿನ್ ಇಟ್ಟು, ಚಾಲಕನಿಲ್ಲದ ಪುಟ್ಟ ಹೈಡ್ರೋಪ್ಲೇನ್ ಕಟ್ಟಿ ಕೆರೆಯಲ್ಲಿ ಓಡಿಸಿ ನೋಡಲು ಏನಡ್ಡಿ? ಮೂತಿ ಏಳುವುದನ್ನು ಅಳೆಯಲು ಅಷ್ಟು ಸಾಕು, ಯಾರ ಜೀವಕ್ಕೂ ಅಪಾಯವಿಲ್ಲ.

ದಾಖಲೆಯ ಬೆನ್ನು ಹತ್ತಿದವರಲ್ಲಿ ನನಗೆ ಹೆಚ್ಚು ಭರವಸೆ ಇರುವುದು ವಾರ್ಬಿಯ ಮಗ ಡೇವಿಡ್ ಮೇಲೆ. ತಂದೆ-ಮಗ ಕೂಡಿ ಕಟ್ಟಿದ ‘ಸ್ಪಿರಿಟ್ ಆಫ್ ಆಸ್ಟ್ರೇಲಿಯಾ 2’ ದೋಣಿಯಲ್ಲಿರುವುದು ಇಟಲಿಯ ಫಿಯಟ್ ಜಿ.91 ಯುದ್ಧವಿಮಾನದಿಂದ ತೆಗೆದ ಆರ್ಫಿಯಸ್. ಜೆ34ಕ್ಕಿಂತ ಬಲ ಹೆಚ್ಚು, ಆದರೆ ಈಗ ಸಿಗುವ ಎಂಜಿನ್‌ಗಳಿಗೆ ಹೋಲಿಸಿದರೆ ಸಾಧಾರಣ. ಅದೇ ಬ್ಲೋವರಿಂಗ್ ಜಲಾಶಯಕ್ಕೆ ಮತ್ತೆ ಮತ್ತೆ ಹೋಗಿ, ಪ್ರತಿ ಸಲ ವೇಗವನ್ನು ಒಂದಿಷ್ಟೇ ಏರಿಸಿ, ದೋಣಿಯ ಮೈಯನ್ನು ಅಲ್ಲಲ್ಲಿ ತಿದ್ದಿ, ಗಾಳಿ ಎದ್ದ ದಿನ ಓಡಿಸದೆ ಮನೆಗೆ ಮರಳುತ್ತಾ ಆ ತಂಡ ಕೆಲಸ ಮಾಡುತ್ತಾ ಬಂದಿದೆ.